ಕಲ್ಲು ಹೊತ್ತವರು ಹೊರಗೆ, ಕೈವಾರ ಹಿಡಿದವರು ಒಳಗೆ



ನಮ್ಮ ಕೇರಿಯವನೇ ಒಬ್ಬ. ನಮ್ಮ ಜೊತೆ ಹಾಸ್ಟೆಲಿನ ನೀರು ಸಾರು ಉಂಡು ಓದಿದವನು. ದೊಡ್ಡ ನೌಕರಿ ಹಿಡಿದ, ನಮಗೂ ಸಂತೋಷವೇ. ಮೊನ್ನೆ ಹಬ್ಬಕ್ಕೆ ಊರಿಗೆ ಬಂದಾಗ ಬೆರಳಲ್ಲಿ ಹೊಸ ಉಂಗುರ. ಉಂಗುರದ ಮೇಲೆ ಒಂದು ಮೂಲೆಮಟ್ಟ, ಅದರ ಮೇಲೆ ಕಾಲು ಅಗಲಿಸಿ ನಿಂತ ಕೈವಾರ. 'ಏನ್ಲಾ ಇದು, ಗಾರೆ ಕೆಲಸಕ್ಕೆ ಸೇರ್ಕಂಡಾ?' ಅಂದೆವು. ಅವನು ನಗಲಿಲ್ಲ. 'ಫ್ರೀಮೇಸನ್ ಲಾಡ್ಜಿಗೆ ಸೇರಿದೀನಿ ಕಣ್ರೋ. ಅಲ್ಲಿ ಎಲ್ಲಾರೂ ಬ್ರದರ್‌ಗಳು. ಯಾರೂ ಜಾತಿ ಕೇಳಲ್ಲ' ಅಂದ.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಜಾತಿ ಕೇಳದ ಒಂದು ಕೋಣೆ! ಅಂಥದೊಂದು ಕೋಣೆಗಾಗಿ ನಮ್ಮ ಹಿರೀಕರು ಎಷ್ಟು ತಲೆಮಾರು ಕಾದರು? ಅದು ನಿಜವೇ ಆಗಿದ್ದರೆ ನಾವೇ ಮೊದಲು ಹೋಗಿ ಸಾಲಲ್ಲಿ ನಿಲ್ಲುತ್ತೇವೆ. ಸುಳ್ಳಾಗಿದ್ದರೆ ಸುಳ್ಳು ಅಂತ ಹೇಳುವ ಋಣ ಆ ಗೆಳೆಯನಿಗೆ ನಮ್ಮ ಮೇಲಿದೆ. ಅದಕ್ಕೇ ಈ ಭ್ರಾತೃತ್ವದ ಚರಿತ್ರೆಯನ್ನು ಕೆದಕಿದೆವು. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡ್ ಪಕ್ಕದ ಬಾಡಿಗೆ ರೂಮಲ್ಲ. ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುವಾಗ ಕಲ್ಲುಕುಟಿಗರು ಕಟ್ಟಡದ ಮಗ್ಗುಲಲ್ಲಿ ಹಾಕಿಕೊಳ್ಳುತ್ತಿದ್ದ ಗುಡಿಸಲೇ ಲಾಡ್ಜು. ಅಲ್ಲೇ ಕಲ್ಲು ಕೆತ್ತುವುದು, ಅಲ್ಲೇ ಉಣ್ಣುವುದು. ಕೆಲಸ ಹುಡುಕಿ ಬಂದ ಪರವೂರಿನವನು ನಿಜಕ್ಕೂ ಕಸುಬು ಕಲಿತವನೋ ಅಲ್ಲವೋ ತಿಳಿಯಲು ಸ್ಕಾಟ್ಲೆಂಡಿನ ಕಲ್ಲುಕುಟಿಗರಲ್ಲಿ ಒಂದು ಗುಟ್ಟಿನ ಮಾತಿತ್ತು. ಬಡವರು ತಮ್ಮ ಕೂಲಿ ಉಳಿಸಿಕೊಳ್ಳಲು ಇಟ್ಟುಕೊಂಡ ಗುಟ್ಟು ಅದು. 1598ರಲ್ಲಿ ಅಲ್ಲಿನ ರಾಜನ ಕಟ್ಟಡಗಳ ಮೇಲ್ವಿಚಾರಕ ವಿಲಿಯಂ ಶಾ ಈ ಕಸುಬಿಗೆ ಬರಹದ ಕಟ್ಟಳೆ ಮಾಡಿದ.

ಆಮೇಲೆ ಸಾಹೇಬರು ಬಂದರು. ಜನ್ಮದಲ್ಲಿ ಉಳಿ ಹಿಡಿಯದವರು ಬಂದರು. ಇಲಿಯಾಸ್ ಆಶ್ಮೋಲ್ ಎಂಬ ಪಂಡಿತ 1646ರಲ್ಲಿ ವಾರಿಂಗ್ಟನ್ನಿನಲ್ಲಿ ತಾನು ಸೇರಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದು ಹೆಂಡದ ಮನೆಯಲ್ಲಿ ಕೂಡಿ ಗ್ರಾಂಡ್ ಲಾಡ್ಜ್ ಕಟ್ಟಿದವೆಂದು ಸಂಘ ಹೇಳಿಕೊಂಡು ಬಂದಿದೆ. 1721ರಲ್ಲಿ ಒಬ್ಬ ಡ್ಯೂಕ್ ಅದರ ಗದ್ದುಗೆ ಏರಿದ. ಅಲ್ಲಿಗೆ ಗುಡಿಸಲು ಅರಮನೆಯ ಮೊಗಸಾಲೆಯಾಯಿತು. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಕಟ್ಟಳೆಯ ಪುಸ್ತಕ ಬರೆದ. ಒಳಗೆ ಬರುವವನು ಸ್ವತಂತ್ರನಾಗಿಯೇ ಹುಟ್ಟಿರಬೇಕು, ಜೀತದವನಿಗೆ ಜಾಗವಿಲ್ಲ, ಹೆಂಗಸಿಗೆ ಜಾಗವಿಲ್ಲ.

ಹುಟ್ಟು! ಇಲ್ಲೂ ಅದೇ ಹುಟ್ಟು! ಮನು ಲಂಡನ್ನಿಗೆ ಹೋಗಿರಲಿಲ್ಲ, ಆದರೂ ಬಾಗಿಲಲ್ಲಿ ಅವನದೇ ಕಾವಲು. ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡಿದ್ದು 1833ರಲ್ಲಿ. 'ಸ್ವತಂತ್ರನಾಗಿ ಹುಟ್ಟಿದವನು' ಎಂಬುದನ್ನು ಇಂಗ್ಲೆಂಡಿನ ಲಾಡ್ಜು 'ಸ್ವತಂತ್ರನು' ಎಂದು ತಿದ್ದಿಕೊಂಡದ್ದು 1847ರಲ್ಲಿ. ಪಾರ್ಲಿಮೆಂಟಿಗಿಂತ 14 ವರ್ಷ ತಡವಾಗಿ ಎದ್ದ ಭ್ರಾತೃತ್ವ ಇದು!

ಇನ್ನು ಅವರ ಕುರುಹುಗಳು. ಮೂಲೆಮಟ್ಟ ಅಂದರೆ ಸರಿಯಾದ ನಡತೆ. ಕೈವಾರ ಅಂದರೆ ಆಸೆಗೆ ಗೆರೆ ಎಳೆದುಕೊಳ್ಳುವುದು. ಮಟ್ಟಗೋಲು ಅಂದರೆ ಸಮಾನತೆ. ತೂಕದ ಗುಂಡು ಅಂದರೆ ನೆಟ್ಟಗೆ ಬಾಳುವುದು. ಕರಣೆ ಅಂದರೆ ಪ್ರೀತಿಯ ಗಾರೆ ಬಳಿಯುವುದು. ಒರಟು ಕಲ್ಲು ತಿದ್ದದ ಮನುಷ್ಯ, ನಯವಾದ ಕಲ್ಲು ತಿದ್ದಿಕೊಂಡ ಮನುಷ್ಯ. ಚೆಂದದ ಅರ್ಥಗಳೇ. ಕವಿತೆ ಬರೆಯುವ ನಮಗೆ ರೂಪಕದ ಮೇಲೆ ಹಗೆಯಿಲ್ಲ. ಆದರೆ ಕಲ್ಲು ಒಡೆಯುವ ವಡ್ಡರ ಅಜ್ಜನ ಸೊಟ್ಟ ಬೆರಳು ನೋಡಿ ಬೆಳೆದವರು ನಾವು. ಅವನ ಎದೆಯೊಳಗೆ ಕೂತ ಕಲ್ಲಿನ ಧೂಳು ಯಾವ ರೂಪಕ ಸ್ವಾಮಿ? ದುಡಿಯುವವನ ಹತಾರಗಳನ್ನು ಬೆಳ್ಳಿಯಲ್ಲಿ ಎರಕ ಹೊಯ್ಯಿಸಿ ಕೊರಳಿಗೆ ಹಾಕಿಕೊಂಡರು. ಹತಾರ ಒಳಗೆ ಹೋಯಿತು, ಹತಾರದವನು ಹೊರಗೆ ಉಳಿದ.

ನಮ್ಮನ್ನು ತಡೆದು ನಿಲ್ಲಿಸಿದ್ದು ಅವರ ಏಪ್ರನ್. ಕುರಿಮರಿಯ ಚರ್ಮದ ಬಿಳಿ ಏಪ್ರನ್. ರಾಜರು ಕೊಡುವ ಪದಕಕ್ಕಿಂತ ಅದಕ್ಕೇ ಮರ್ಯಾದೆ ಹೆಚ್ಚಂತೆ. ಅದನ್ನು ಕಟ್ಟಿಕೊಂಡ ಲಾಡ್ಜಿನ ಯಜಮಾನನನ್ನು 'ಪೂಜ್ಯ ಗುರು' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಚರ್ಮ ಸ್ವಾಮಿ, ಚರ್ಮ! ಅದನ್ನು ಹದ ಮಾಡಿದ ತಪ್ಪಿಗೆ ನಮ್ಮವರನ್ನು ಊರಾಚೆ ಇಟ್ಟ ಈ ನೆಲದಲ್ಲೂ ಅದನ್ನು ಸೊಂಟಕ್ಕೆ ಸುತ್ತಿಕೊಂಡ ದೊಡ್ಡವರು ಪೂಜ್ಯರಾದರು.

ಸೇರುವವನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಕೊರಳಿಗೆ ಹಗ್ಗ ಹಾಕುತ್ತಾರೆ. ಮೈಮೇಲಿನ ಕಾಸು, ಲೋಹ ಎಲ್ಲ ಬಿಚ್ಚಿಸುತ್ತಾರೆ. ಗತಿಯಿಲ್ಲದವನ ಪಾಡು ತಿಳಿಯಲಿ ಅಂತ. ಒಂದು ಗಳಿಗೆಯ ಬಡತನ! ಶಾಸ್ತ್ರ ಮುಗಿದ ಮೇಲೆ ಹಗ್ಗ ಬಿಚ್ಚಿ, ಕಾಸು ವಾಪಸು ಕೊಟ್ಟು, ಊಟಕ್ಕೆ ಕರೆಯುತ್ತಾರೆ. ನಮ್ಮಪ್ಪಂದಿರ ಕೊರಳಿನ ಹಗ್ಗ ಯಾರು ಬಿಚ್ಚಿದರು?

ಅವರ ಮೂರನೆಯ ದೀಕ್ಷೆಯಲ್ಲಿ ಒಂದು ಕತೆ ಆಡುತ್ತಾರೆ. ಸಾಲೊಮನ್ ರಾಜನ ದೇವಾಲಯ ಕಟ್ಟುತ್ತಿದ್ದ ಹಿರಾಮ್ ಎಂಬ ಮಹಾಶಿಲ್ಪಿಯನ್ನು ಮೂವರು ಕೆಲಸಗಾರರು ಅಡ್ಡಗಟ್ಟಿ ಗುರುವಿನ ಗುಟ್ಟಿನ ಮಾತು ಹೇಳು ಅನ್ನುತ್ತಾರೆ. ಆ ಮಾತು ಗೊತ್ತಿದ್ದವನಿಗೆ ಗುರುವಿನ ಕೂಲಿ ಸಿಗುತ್ತದೆ. ಅವನು ಹೇಳುವುದಿಲ್ಲ, ಅವರು ಕೊಲ್ಲುತ್ತಾರೆ. ಕೊಲೆ ಸರಿ ಅಂತ ನಾವು ಹೇಳುತ್ತಿಲ್ಲ. ಆದರೆ ಈ ಕತೆಯಲ್ಲಿ ಹೆಚ್ಚಿನ ಕೂಲಿ ಕೇಳಿದವನು ಕೊಲೆಗಾರ, ಅಕ್ಷರ ಬಚ್ಚಿಟ್ಟವನು ಹುತಾತ್ಮ. ಏಕಲವ್ಯನ ಹೆಬ್ಬೆರಳು, ಶಂಬೂಕನ ತಲೆ ಕಂಡ ನಮಗೆ ಇಂಥ ಕತೆ ಯಾರು ಕಟ್ಟುತ್ತಾರೆ ಅಂತ ಗೊತ್ತಿದೆ. ಬೈಬಲಿನ ಲೆಕ್ಕದಲ್ಲೇ ಆ ದೇವಾಲಯಕ್ಕೆ ಹೊರೆ ಹೊತ್ತವರು 70,000, ಬೆಟ್ಟದಲ್ಲಿ ಕಲ್ಲು ಕಡಿದವರು 80,000. ಅವರಲ್ಲಿ ಒಬ್ಬನ ಹೆಸರಾದರೂ ಈ ಶಾಸ್ತ್ರದಲ್ಲಿ ಇದೆಯೇ?

ಕತೆ ಬಿಡಿ, ಚರಿತ್ರೆ ನೋಡಿ. 1793ರ ಸೆಪ್ಟೆಂಬರ್ 18. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಏಪ್ರನ್ ಕಟ್ಟಿ, ಬೆಳ್ಳಿಯ ಕರಣೆ ಹಿಡಿದು, ಲಾಡ್ಜಿನ ಶಾಸ್ತ್ರದಂತೆ ಸಂಸತ್ ಭವನದ ಮೂಲೆಗಲ್ಲು ಇಟ್ಟ. ಆ ಭವನದ ಕಲ್ಲನ್ನು ವರ್ಜೀನಿಯಾದ ಕ್ವಾರಿಗಳಲ್ಲಿ ಕಡಿದವರಲ್ಲಿ ಗುಲಾಮರಿದ್ದರು. ಅವರ ದುಡಿಮೆಯ ಬಾಡಿಗೆ ಅವರ ಒಡೆಯರ ಕೈಗೆ ಹೋಯಿತು. ಕರಣೆಯನ್ನು ಜೋಪಾನವಾಗಿ ಕಾಪಾಡಿದರು. ಆ ದುಡಿಮೆಯ ನೆನಪಿಗೆ ಭವನದೊಳಗೆ ಒಂದು ಕಲ್ಲು ನಿಲ್ಲಬೇಕಾದರೆ 2012 ಬರಬೇಕಾಯಿತು.

ಇಷ್ಟೇ ಆಗಿದ್ದರೆ ಬೈದು ಲೇಖನ ಮುಗಿಸುತ್ತಿದ್ದೆವು. ಆದರೆ ಇದೇ ಚರಿತ್ರೆಯೊಳಗೆ ನಮ್ಮವನೊಬ್ಬ ಸಿಕ್ಕಿದ. ಹೆಸರು ಪ್ರಿನ್ಸ್ ಹಾಲ್. ಬಾಸ್ಟನ್ ಪಟ್ಟಣದ ಕಪ್ಪು ಮನುಷ್ಯ. ಕಸುಬು ಯಾವುದು ಗೊತ್ತೇ? ಚರ್ಮ ಹದ ಮಾಡುವುದು. 1777ರಲ್ಲಿ ಬಾಸ್ಟನ್ನಿನ ಫಿರಂಗಿ ದಳದ ನಗಾರಿಗಳಿಗೆ ಚರ್ಮ ಮಾಡಿಕೊಟ್ಟ ಲೆಕ್ಕದ ಚೀಟಿ ಅವನ ಹೆಸರಲ್ಲಿದೆ. ತಮಟೆ ಬಿಗಿದ ಕೈಗಳೇ, ಈ ಕೈಯ ಗುರುತು ಸಿಕ್ಕಿತೇ?

1775ರ ಮಾರ್ಚ್ 6ರಂದು ಅವನೂ ಇನ್ನೂ 14 ಜನ ಕಪ್ಪು ಬಂಧುಗಳೂ ಬ್ರಿಟಿಷ್ ಸೈನ್ಯದ ಒಂದು ಐರಿಷ್ ಲಾಡ್ಜಿನಲ್ಲಿ ದೀಕ್ಷೆ ಪಡೆದರು. ಅಮೆರಿಕದ ಬಿಳಿಯ ಲಾಡ್ಜುಗಳು ಅವರನ್ನು ಸೇರಿಸಲಿಲ್ಲ. ಅವರು ಆಫ್ರಿಕನ್ ಲಾಡ್ಜ್ ಎಂಬ ತಮ್ಮದೇ ಲಾಡ್ಜು ಕಟ್ಟಿ, ಮಾನ್ಯತೆಗೆ ಲಂಡನ್ನಿಗೇ ಬರೆದರು. 1784ರ ತಾರೀಖಿನ ಸನದು ಬಾಸ್ಟನ್ನಿಗೆ ಬಂದು ಮುಟ್ಟಿದ್ದು 1787ರಲ್ಲಿ. ಲಾಡ್ಜಿನ ಸಂಖ್ಯೆ 459.

ಆ ಕೋಣೆಯಲ್ಲಿ ಕೂತು ಅವರು ಏನು ಮಾಡಿದರು? ಉಂಗುರ ತೋರಿಸಿಕೊಂಡು ತಿರುಗಿದರೇ? 1777ರಲ್ಲೇ ಪ್ರಿನ್ಸ್ ಹಾಲ್ ಮತ್ತು ಸಂಗಾತಿಗಳು ಗುಲಾಮಗಿರಿ ತೆಗೆಯಿರಿ ಅಂತ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟಿದ್ದರು. ನೀವು ಬ್ರಿಟನ್ನಿನ ಎದುರು ಹೇಳುವ ನ್ಯಾಯವೇ ನಿಮ್ಮ ಎದುರು ನಮ್ಮ ನ್ಯಾಯ ಅಂದರು. 1787ರಲ್ಲಿ ನಮ್ಮ ಮಕ್ಕಳಿಗೂ ಶಾಲೆ ಬೇಕು, ತೆರಿಗೆ ನಾವೂ ಕೊಡುತ್ತೇವೆ ಅಂದರು. 1788ರಲ್ಲಿ ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಜನರನ್ನು ಹಡಗಿಗೆ ಹತ್ತಿಸಿ ಮಾರಲು ಕದ್ದೊಯ್ದಾಗ ಮತ್ತೆ ಅರ್ಜಿ ಬರೆದರು. ಅದೇ ಮಾರ್ಚಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಅಲ್ಲಿ ಕಾಯಿದೆ ಬಂತು, ಆ ಮೂವರೂ ತಿರುಗಿ ಬಂದರು. 1829ರಲ್ಲಿ ಗುಲಾಮಗಿರಿಯ ಬುಡಕ್ಕೆ ಬೆಂಕಿ ಇಟ್ಟ ಪುಸ್ತಕ ಬರೆದ ಡೇವಿಡ್ ವಾಕರ್ ಬಾಸ್ಟನ್ನಿನಲ್ಲಿ ಹಳೆ ಬಟ್ಟೆ ಮಾರುತ್ತಿದ್ದವನು. ಅವನೂ ಇದೇ ಲಾಡ್ಜಿನವನು. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಗುಂಡಿಗೆ ಬಲಿಯಾದ ಮೆಡ್ಗರ್ ಎವರ್ಸ್‌ನ ಹೋರಾಟದ ಕಚೇರಿ ಇದ್ದದ್ದು ಜಾಕ್ಸನ್ ಪಟ್ಟಣದ ಪ್ರಿನ್ಸ್ ಹಾಲ್ ಮೇಸನ್ನರ ಕಟ್ಟಡದಲ್ಲಿ. ಅವನ ಅಂತ್ಯಕ್ರಿಯೆಯ ಸಭೆ ಸೇರಿದ್ದೂ ಅಲ್ಲೇ.

ನೋಡಿದಿರಾ? ಅದೇ ಕೈವಾರ, ಅದೇ ಮೂಲೆಮಟ್ಟ. ದುಡಿದ ಕೈಗೆ ಬಂದಾಗ ಮತ್ತೆ ಹತಾರವಾಯಿತು.

ಬಿಳಿಯ ಅಣ್ಣಂದಿರು ಇವರನ್ನು ಒಪ್ಪಿದರೇ? ಆಲ್ಬರ್ಟ್ ಪೈಕ್ ಎಂಬವನಿದ್ದ. ಗುಲಾಮಗಿರಿ ಉಳಿಸಲು ಹೊರಟ ಒಕ್ಕೂಟದ ಸೇನಾನಿ. ಮೇಸನ್ನರಲ್ಲಿ ಬಹಳ ದೊಡ್ಡ ಹೆಸರು. ಪ್ರಿನ್ಸ್ ಹಾಲ್ ಲಾಡ್ಜು ಬೇರೆ ಯಾವ ಲಾಡ್ಜಿನಷ್ಟೇ ಕ್ರಮಬದ್ಧ ಅಂತ ಅವನೇ 1875ರಲ್ಲಿ ಕಾಗದ ಬರೆದ. ಅದೇ ಕಾಗದದಲ್ಲಿ, ಕಪ್ಪು ಜನರನ್ನು ಅಣ್ಣತಮ್ಮಂದಿರೆಂದು ಒಪ್ಪುವ ಗತಿ ಬಂದರೆ ಸಂಘವನ್ನೇ ಬಿಡುತ್ತೇನೆ ಅಂತಲೂ ಬರೆದ. ಶಾಸ್ತ್ರ ನಿಮ್ಮ ಕಡೆ ಇದೆ, ಆದರೂ ಒಳಗೆ ಬರಬೇಡಿ! ದೇವಸ್ಥಾನದ ಮೆಟ್ಟಿಲಲ್ಲಿ ಈ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ಇಂಗ್ಲೆಂಡಿನ ಗ್ರಾಂಡ್ ಲಾಡ್ಜು ಮ್ಯಾಸಚೂಸೆಟ್ಸಿನ ಪ್ರಿನ್ಸ್ ಹಾಲ್ ಲಾಡ್ಜಿಗೆ ಮಾನ್ಯತೆ ಕೊಟ್ಟದ್ದು 1994ರಲ್ಲಿ. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳ ಬಿಳಿಯ ಲಾಡ್ಜುಗಳು 21ನೇ ಶತಮಾನ ಹುಟ್ಟಿದ ಮೇಲೂ ಒಪ್ಪಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. 1730ರ ಹೊತ್ತಿಗೇ ಕಲ್ಕತ್ತದಲ್ಲಿ ಲಾಡ್ಜಿತ್ತು, ಕಂಪನಿಯ ದೊರೆಗಳದು. ಮೊದಮೊದಲು ಒಳಗೆ ಬಿಟ್ಟ ಭಾರತೀಯರಲ್ಲಿ ಒಬ್ಬ ಆರ್ಕಾಟಿನ ನವಾಬನ ಮಗ. 1843ರಲ್ಲಿ ಬೊಂಬಾಯಿಯಲ್ಲಿ ಭಾರತೀಯರನ್ನೂ ಸೇರಿಸುವ ಲಾಡ್ಜು ಹುಟ್ಟಿತು. ಒಳಗೆ ಹೋದವರು ಪಾರ್ಸಿ ಸಾಹುಕಾರರು. ಹಿಂದೂಗಳನ್ನು ಸೇರಿಸಬೇಕೋ ಬೇಡವೋ ಅಂತ ವರ್ಷಗಟ್ಟಲೆ ತಕರಾರು ನಡೆದು 1872ರಲ್ಲಿ ಕಲ್ಕತ್ತದ ಪ್ರಸನ್ನಕುಮಾರ ದತ್ತ ಒಳಗೆ ಕಾಲಿಟ್ಟ. 1886ರಲ್ಲಿ ಲಾಹೋರಿನಲ್ಲಿ ಸೇರಿದ ಇಂಗ್ಲಿಷ್ ಕವಿ ಕಿಪ್ಲಿಂಗ್ ತನ್ನ ತಾಯಿ ಲಾಡ್ಜಿನ ಮೇಲೆ ಪದ್ಯ ಕಟ್ಟಿದ. ಎಲ್ಲ ಮತದವರೂ ಅಲ್ಲಿ ಸಮಾನರು ಅಂತ ಹೊಗಳುತ್ತಾ ಹೊಗಳುತ್ತಾ ಒಂದು ಮಾತು ಜಾರಿಸಿಬಿಟ್ಟ: ಯಾರದಾದರೂ ಜಾತಿ ಕೆಟ್ಟೀತೆಂದು ಅಲ್ಲಿ ಔತಣ ಮಾಡುತ್ತಿರಲಿಲ್ಲ! ಅಣ್ಣತಮ್ಮಂದಿರಂತೆ, ಒಟ್ಟಿಗೆ ಉಣ್ಣುವಂತಿಲ್ಲವಂತೆ. ಇದು ಭ್ರಾತೃತ್ವವೋ, ನಮ್ಮೂರ ಹೋಟೆಲಿನ ಎರಡು ಲೋಟವೋ?

1961ರಲ್ಲಿ ಭಾರತದ್ದೇ ಗ್ರಾಂಡ್ ಲಾಡ್ಜಾಯಿತು. ಗೀತೆ, ಕುರಾನು, ಬೈಬಲು, ಗ್ರಂಥಸಾಹೇಬ್ ಎಲ್ಲ ಅಲ್ಲಿ ಒಟ್ಟಿಗೆ ಇರುತ್ತವೆ. ಜಾತಿಯ ಅಡ್ಡಿ ಕಟ್ಟಳೆಯಲ್ಲಿಲ್ಲ. ಒಳ್ಳೆಯದು, ಒಪ್ಪುತ್ತೇವೆ. ಆದರೆ ಒಳಗಿದ್ದವನು ಕೈ ಹಿಡಿದು ಕರೆದೊಯ್ಯದೆ ಯಾರೂ ಒಳಗೆ ಹೋಗುವಂತಿಲ್ಲ. ಒಳಗಿನವರು ಗುಂಡು ಹಾಕಿ ತೀರ್ಮಾನಿಸಬೇಕು. ಬಿಳಿ ಗುಂಡು ಬಾ, ಕರಿ ಗುಂಡು ಹೋಗು. ಗೆಳೆಯ, ನಿನ್ನ ಜಾತಿ ಅಲ್ಲಿ ಯಾರೂ ಕೇಳದಿರಬಹುದು. ನೀನು ಸಂಬಳದ ಚೀಟಿ ಹಿಡಿದು ಹೋದೆ. ಆ ಕಟ್ಟಡದ ಅಡಿಪಾಯಕ್ಕೆ ಕಲ್ಲು ಹೊತ್ತ ವಡ್ಡರ ಹೆಣ್ಣುಮಗಳು ಹೋಗಿದ್ದರೆ ಏನಾಗುತ್ತಿತ್ತು? ಅವಳಿಗೆ ಎರಡು ಬಾಗಿಲು ಅಡ್ಡ. ಬಡವಿ ಅಂತ ಒಂದು, ಹೆಂಗಸು ಅಂತ ಇನ್ನೊಂದು.

ನೆನಪಿಡಿ. ದತ್ತ ಮಹಾಶಯ ಲಾಡ್ಜಿನೊಳಗೆ ಹೋದದ್ದು 1872. ಮರುವರ್ಷವೇ, 1873ರಲ್ಲಿ, ಪುಣೆಯಲ್ಲಿ ಜೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದರು. ಅದೇ ವರ್ಷ 'ಗುಲಾಮಗಿರಿ' ಬರೆದು, ಕಪ್ಪು ಜನರ ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1972ರಲ್ಲಿ ಬೊಂಬಾಯಿಯ ನಮ್ಮ ಅಣ್ಣಂದಿರು ಅಮೆರಿಕದ ಕಪ್ಪು ಪ್ಯಾಂಥರರ ಹೆಸರನ್ನೇ ತಮಗಿಟ್ಟುಕೊಂಡರು. ಬಾಬಾಸಾಹೇಬರು ಬಂಧುತ್ವದ ಮಾತನ್ನು ಸಂವಿಧಾನದ ಪೀಠಿಕೆಯಲ್ಲೇ ಇಡಿಸಿದರು. ಅದಿಲ್ಲದೆ ಸ್ವಾತಂತ್ರ್ಯ, ಸಮಾನತೆಗಳು ಗೋಡೆಗೆ ಬಳಿದ ಬಣ್ಣದಷ್ಟೇ ತೆಳು ಎಂದು 1949ರ ನವೆಂಬರ್ 25ರಂದು ಎಚ್ಚರಿಸಿದರು. ಅವರ ಬಂಧುತ್ವಕ್ಕೆ ಗುಟ್ಟಿನ ಮಾತಿಲ್ಲ, ಕರಿ ಗುಂಡಿಲ್ಲ. ಮಹಾಡಿನ ಕೆರೆಯ ಹಾಗೆ ಅದು ಬಯಲಲ್ಲಿದೆ. ಬಗ್ಗಿ ನೀರು ಕುಡಿದವರೆಲ್ಲ ಬಂಧುಗಳು.

ಬೇರೆಯವರನ್ನು ಬೈದು ಮನೆಗೆ ಹೋಗಿ ಮಲಗುವುದು ಸುಲಭ. ನಮ್ಮ ಸಂಘಗಳನ್ನೂ ಕೇಳಿಕೊಳ್ಳೋಣ. ಸಭೆಗೆ ಚಾಪೆ ಹಾಸುವವಳು ಅಕ್ಕ, ಮೈಕು ಹಿಡಿಯುವವನು ಅಣ್ಣ, ಯಾಕೆ? ನೀಲಿ ಶಾಲು ಹೊದ್ದ ಎಡಗೈಯವನೂ ಬಲಗೈಯವನೂ ಒಬ್ಬರ ಮನೆಯ ಮುದ್ದೆ ಒಬ್ಬರು ಮುರಿಯುತ್ತಾರೆಯೇ? ಹೆಣ್ಣು ಕೊಟ್ಟು ತರುತ್ತಾರೆಯೇ? ನಾಲ್ಕಕ್ಷರ ಕಲಿತ ನಾವು, ಅರ್ಜಿ ಬರೆಯುವ, ಕಾಯಿದೆ ಓದುವ ಗುಟ್ಟನ್ನು ಕೇರಿಗೆ ಹೇಳಿಕೊಟ್ಟಿದ್ದೇವೆಯೇ? ಇಲ್ಲವಾದರೆ ನಮ್ಮದೂ ಒಂದು ಲಾಡ್ಜೇ. ಏಪ್ರನ್ ಬದಲು ಶಾಲು, ಅಷ್ಟೇ.

ಹಳ್ಳಿಯ ಮೇಷ್ಟರುಗಳೇ, ನಾಳೆ ತರಗತಿಯಲ್ಲಿ ಕೈವಾರ ಹಿಡಿದಾಗ ಮಕ್ಕಳಿಗೆ ಚರ್ಮ ಹದ ಮಾಡುತ್ತಿದ್ದ ಆ ಬಾಸ್ಟನ್ನಿನವನ ಕತೆ ಹೇಳಿ. ಯಾವ ಸಂಘ ನಿಮ್ಮನ್ನು 'ಬ್ರದರ್' ಅಂದರೂ ಮೂರು ಪ್ರಶ್ನೆ ಕೇಳಲು ಕಲಿಸಿ. ನಿಮ್ಮ ಕಟ್ಟಡದ ಕಲ್ಲು ಹೊತ್ತವರು ಎಲ್ಲಿ ಕೂತಿದ್ದಾರೆ? ನಿಮ್ಮ ಗುಟ್ಟಿನ ಮಾತು ಯಾರ ಹೊಟ್ಟೆ ತುಂಬಿಸಿದೆ? ನಿಮ್ಮ ಪಂಕ್ತಿಯಲ್ಲಿ ಯಾರ ಎಲೆ ಹಾಕಿಲ್ಲ?

ಉಂಗುರದ ಗೆಳೆಯ, ನಿನ್ನನ್ನು ಉಂಗುರ ಬಿಚ್ಚು ಅನ್ನುವುದಿಲ್ಲ. ಪ್ರಿನ್ಸ್ ಹಾಲ್ ಬಿಚ್ಚಲಿಲ್ಲ. ಆ ಬೆರಳಿಂದ ಒಂದು ಅರ್ಜಿ ಬರೆ. ನಮ್ಮ ಹಾಸ್ಟೆಲಿನ ಹುಡುಗರು ಇವತ್ತಿಗೂ ನೀರು ಸಾರೇ ಉಣ್ಣುತ್ತಿದ್ದಾರೆ. ನಿನ್ನ ಬ್ರದರ್‌ಗಳೆಲ್ಲರ ಸಹಿ ಹಾಕಿಸಿಕೊಂಡು ಬಾ. ಎಷ್ಟು ಸಹಿ ಬಿತ್ತು ಅಂತ ಎಣಿಸೋಣ.