ಭಾನುವಾರದ ಡೆಕ್ – ಭಾಗ 4: ಎಲ್ಲರಿಗೂ ಹಂಚೋ ಡೆಕ್ ಒಳ್ಳೇದು ಅಂತ ಯಾರು ಹೇಳಿದ್ದು?

ಫೋಟೋದಲ್ಲಿ ಕುರ್ಚಿ ನಾಲ್ಕಿದೆ, ಜನ ಮೂರೇ. ಖಾಲಿ ಇರೋದು ಪೀಣ್ಯದ ಗೆಳೆಯನ ಜಾಗ. ಯಾಕೆ ಖಾಲಿ ಅಂತ ಮುಂದೆ ಹೇಳ್ತೀನಿ.

ಈ ಸರಣಿಗೆ ಹೊಸಬರಾದ್ರೆ: ನಾವು ಆಡೋದು ಮ್ಯಾಜಿಕ್: ದಿ ಗ್ಯಾದರಿಂಗ್, 1993ರಲ್ಲಿ ಬಂದ ರಿಚರ್ಡ್ ಗಾರ್ಫೀಲ್ಡ್ ಅವರ ಆಟ. ಅದರಲ್ಲೂ ಕಮಾಂಡರ್. ಸಾಮಾನ್ಯವಾಗಿ ನಾಲ್ಕು ಜನ, ತಲಾ 100 ಕಾರ್ಡು, ತಲಾ 40 ಲೈಫು. ಬೇಸಿಕ್ ಲ್ಯಾಂಡ್ ಬಿಟ್ರೆ ಯಾವ ಕಾರ್ಡೂ ಎರಡು ಇರಂಗಿಲ್ಲ.

ಇಬ್ಬರ ಆಟದಲ್ಲಿ ಗೆಲ್ಲೋಕೆ ಎದುರಿನವನ 20 ಲೈಫ್ ತೆಗೆದ್ರೆ ಸಾಕು. ಇಲ್ಲಿ ಮೂರು ಜನರದ್ದು ಸೇರಿ 120. ನಾನು ಒಂದು ಕಾರ್ಡ್ ಖರ್ಚು ಮಾಡಿ ನಿಮ್ಮದೊಂದು ಡ್ರ್ಯಾಗನ್ ಕೊಂದ್ರೆ ನನಗೂ ಒಂದು ನಷ್ಟ, ನಿಮಗೂ ಒಂದು ನಷ್ಟ. ಸುಮ್ನೆ ನೋಡ್ತಾ ಕೂತ ಇನ್ನಿಬ್ಬರಿಗೆ ಲಾಭ. ನಾಲ್ಕು ಜನರ ಟೇಬಲ್‌ನಲ್ಲಿ ಪ್ರತಿ ಕಾರ್ಡಿಗೂ ಈ ಮೂರನೆಯವರ ಲೆಕ್ಕ ಇದ್ದೇ ಇರುತ್ತೆ. ಬಿಕಾಂ ಓದ್ತಿರೋನಿಗೆ ಇದು ಮೊದಲೇ ಹೊಳೀಬೇಕಿತ್ತು, ಬಿಡಿ.

ಎಲ್ಲರೂ ಬೈಯೋದು ಸ್ಟ್ಯಾಕ್ಸ್ ಡೆಕ್‌ಗೆ, ಅಂದ್ರೆ ಕಟ್ಟಿಹಾಕೋ ಡೆಕ್‌ಗೆ. ಉದಾಹರಣೆಗೆ ವಿಂಟರ್ ಆರ್ಬ್. ಅದು ಟೇಬಲ್ ಮೇಲೆ ಬಿತ್ತು ಅಂದ್ರೆ ಯಾರೂ ತಮ್ಮ ಸರದಿಯಲ್ಲಿ ಒಂದಕ್ಕಿಂತ ಹೆಚ್ಚು ಲ್ಯಾಂಡ್ ಅನ್‌ಟ್ಯಾಪ್ ಮಾಡಂಗಿಲ್ಲ. ಆಟ ಸಿಲ್ಕ್ ಬೋರ್ಡ್ ಟ್ರಾಫಿಕ್ ಆಗುತ್ತೆ.

ಎಲ್ಲರೂ ಮೆಚ್ಚೋದು ಗ್ರೂಪ್ ಹಗ್, ಅಂದ್ರೆ ಹಂಚೋ ಡೆಕ್. ಉದಾಹರಣೆಗೆ ಹೌಲಿಂಗ್ ಮೈನ್. ಎರಡು ಮಾನಾ ಕೊಟ್ಟು ಇಟ್ರೆ ಪ್ರತಿಯೊಬ್ಬರಿಗೂ ಅವರವರ ಸರದಿಯಲ್ಲಿ ಒಂದು ಕಾರ್ಡ್ ಎಕ್ಸ್‌ಟ್ರಾ. ಊರಿಗೆಲ್ಲ ಊಟ ಹಾಕಿಸ್ದಂಗೆ.

ನನ್ನ ಅಭಿಪ್ರಾಯ ಹೇಳ್ತೀನಿ, ಬೈಕೊಳ್ಳಿ: ಗೆಲ್ಲೋ ಉದ್ದೇಶ ಇಲ್ದೆ ಹಂಚೋ ಡೆಕ್, ಕಟ್ಟಿಹಾಕೋ ಡೆಕ್‌ಗಿಂತ ಕೆಟ್ಟದ್ದು.

ಲೆಕ್ಕ ನೋಡಿ. ಹೌಲಿಂಗ್ ಮೈನ್ ಇಡೋದು ನಾನು, ಖರ್ಚು ಪೂರ್ತಿ ನಂದು. ನನ್ನ ಸರದಿಯ ಕಾರ್ಡ್ ಎಳೆದಾದ ಮೇಲೇ ಇಡೋದ್ರಿಂದ, ನನಗೆ ಸಿಗೋಕೆ ಮುಂಚೆ ಮೂರೂ ಜನ ಒಂದೊಂದು ಎಳೆದಿರ್ತಾರೆ. ಅದಾದ್ರೂ ಪರವಾಗಿಲ್ಲ. ದೊಡ್ಡ ಸಮಸ್ಯೆ ಬೇರೆ ಇದೆ. ಎಲ್ಲರಿಗೂ ಒಂದೊಂದೇ ಕಾರ್ಡು, ಆದ್ರೆ ಆ ಕಾರ್ಡಿನ ಬೆಲೆ ಒಂದೇ ಅಲ್ಲ. ಎರಡು ಕಾರ್ಡ್ ಜೋಡಿಸಿ ಮೂವರನ್ನೂ ಒಂದೇ ಏಟಿಗೆ ಮುಗಿಸೋ ಕಾಂಬೋ ಡೆಕ್‌ಗೆ ಅದು ಗೆಲುವಿಗೆ ಒಂದು ಹೆಜ್ಜೆ. ಡಬ್ಬ ಒಡೆದು ಹಂಗೇ ಆಡೋ ರೆಡಿಮೇಡ್ ಡೆಕ್‌ಗೆ ಅದು ಇನ್ನೊಂದು ಸಾಧಾರಣ ಪ್ರಾಣಿ. ಸಮನಾಗಿ ಹಂಚಿದ್ದೇ ಅಂತರ ಜಾಸ್ತಿ ಮಾಡುತ್ತೆ.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ.

ಪೀಣ್ಯದ ಗೆಳೆಯ ಶಿಫ್ಟ್ ಕೆಲಸದವನು. ವಾರಕ್ಕೆ ಒಂದೇ ರಜೆ. ಗ್ರೀನ್ ಲೈನ್‌ನಲ್ಲಿ ಮೆಜೆಸ್ಟಿಕ್‌ಗೆ ಬಂದು, ಪರ್ಪಲ್ ಲೈನ್ ಹತ್ತಿ, ವೈಟ್‌ಫೀಲ್ಡ್ ತನಕ ನಮ್ಮ ಜೊತೆ ಆಡೋಕೆ ಬರ್ತಿದ್ದ. ಅವನದ್ದು ರೆಡಿಮೇಡ್ ಡೆಕ್. ನಂದು ಹಂಚೋ ಡೆಕ್, ಜೊತೆಗೆ ಘೋಸ್ಟ್ಲಿ ಪ್ರಿಸನ್: ನನ್ನ ಮೇಲೆ ದಾಳಿ ಮಾಡ್ಬೇಕು ಅಂದ್ರೆ ಒಂದೊಂದು ಪ್ರಾಣಿಗೂ ಎರಡು ಮಾನಾ ಕಟ್ಬೇಕು. ಯಾರು ಕಟ್ತಾರೆ? ಕೈ ತುಂಬ ಕಾರ್ಡ್ ಕೊಟ್ಟೋನು ನಾನು, ಹೊಡೆಯೋಕೆ ದುಬಾರಿ ಆಗಿರೋನೂ ನಾನೇ. ದಾಳಿ ಎಲ್ಲ ಅವನ ಕಡೆ ತಿರುಗ್ತು. ಮೊದಲು ಔಟಾಗಿದ್ದು ಅವನೇ. ಆಮೇಲೆ ಒಂದೂವರೆ ಗಂಟೆ ಫೋನ್ ನೋಡ್ತಾ ಕೂತಿದ್ದ. ಕೊನೆಗೆ ಗೆದ್ದಿದ್ದು ಕಾಂಬೋ, ನನ್ನ ಮೈನ್ ಕೊಟ್ಟ ಕಾರ್ಡಿಂದ.

ನಾನು ಮಾತ್ರ ಖುಷಿಯಾಗಿದ್ದೆ. ಯಾರನ್ನೂ ಹೊಡೀಲಿಲ್ವಲ್ಲ!

ಸ್ಟೇಷನ್‌ಗೆ ಬಿಡೋಕೆ ಹೋದಾಗ ಅವನು ಮೆಲ್ಲಗೆ ಅಂದ: “ನೀನು ಹೊಡೀಲಿಲ್ಲ ನಿಜ. ಎಲ್ರೂ ನನ್ನೇ ಹೊಡೆಯೋ ಹಂಗೆ ಮಾಡ್ದೆ ಅಷ್ಟೇ.” ಅದಾಗಿ ಮೂರು ಭಾನುವಾರ ಆಯ್ತು.

ಸ್ಟ್ಯಾಕ್ಸ್ ಆಡೋನು ಇಂಥ ನಾಟಕ ಆಡಲ್ಲ. ಆರ್ಬ್ ಇಟ್ಟ ಕ್ಷಣ ಅವನೇ ವೈರಿ ಅಂತ ಎಲ್ಲರಿಗೂ ಗೊತ್ತು, ಮೂರು ಜನ ಒಟ್ಟಾಗಿ ಎದುರು ನಿಲ್ಲಬಹುದು. ಹಾಗಂತ ಹೇಳ್ದೆ ಕೇಳ್ದೆ ತರೋದೂ ತಪ್ಪೇ. 2025ರಲ್ಲಿ ಬಂದ ಐದು ಬ್ರ್ಯಾಕೆಟ್‌ಗಳ ಪದ್ಧತಿಯಲ್ಲಿ ಎಲ್ಲರ ಲ್ಯಾಂಡ್ ಕಟ್ಟೋ ಇಂಥ ಕಾರ್ಡ್‌ಗಳಿಗೆ ಮೊದಲ ಮೂರರಲ್ಲಿ ಜಾಗ ಇಲ್ಲ. ಹಂಚೋ ಡೆಕ್‌ಗೆ ಮಾತ್ರ ಯಾರೂ “ಏನ್ ತಂದಿದೀಯ?” ಅಂತ ಕೇಳೋದೇ ಇಲ್ಲ.

“ಆಟ ತಾನೇ ಗುರು, ಯಾರೋ ಒಬ್ರು ಮೊದಲು ಸಾಯಲೇಬೇಕು” ಅಂತೀರ. ಒಪ್ತೀನಿ. ಆದ್ರೆ ಕೊಲ್ಲೋನು ನಾನೇ ಅಂತ ಒಪ್ಕೊಂಡು ಕೊಂದ್ರೆ ಅದು ಆಟ. ಒಳ್ಳೆಯವನ ವೇಷ ಹಾಕ್ಕೊಂಡು ಬೇರೆಯವರ ಕೈಲಿ ಹೊಡೆಸೋದು ಬೇರೆ.

ಅದಕ್ಕೇ ಮೈನ್ ತೆಗೆದೆ. ಅದರ ಜಾಗಕ್ಕೆ ಸೀಕ್ರೆಟ್ ರಾಂಡೆವೂ: ನನಗೆ ಮೂರು ಕಾರ್ಡು, ನಾನು ಆರಿಸಿದ ಒಬ್ಬ ಎದುರಾಳಿಗೆ ಮೂರು ಕಾರ್ಡು. ಈಗ ಯಾರಿಗೆ ಅಂತ ಹೆಸರು ಹೇಳಿ ಕೊಡ್ಬೇಕು. ಹಿಂದೆ ಬಿದ್ದಿರೋನಿಗೆ ಕೊಡ್ಬಹುದು. ತಪ್ಪಾದ್ರೆ ಅದೂ ನನ್ನ ತಲೆ ಮೇಲೆ. ಜೊತೆಗೆ ಗೆಲ್ಲೋಕೆ ಒಂದು ದಾರಿನೂ ಇಟ್ಕೊಂಡಿದೀನಿ.

ಅವನಿಗೆ ಮೆಸೇಜ್ ಹಾಕಿದೀನಿ, “ಸಾರಿ” ಅಂತ ಅಲ್ಲ. “ಈ ಭಾನುವಾರ ನಾವು ಮೂರು ಜನ ಪೀಣ್ಯಕ್ಕೆ ಬರ್ತಿದೀವಿ, ಟೇಬಲ್ ಇದ್ಯಾ?” ಅಂತ.

ಬ್ಲೂ ಟಿಕ್ ಬಿದ್ದಿದೆ. ಕಾಯ್ತಿದೀನಿ.

ನಿಮ್ಮ ಟೇಬಲ್‌ನಲ್ಲಿ ಪ್ರತಿಸಲ ಮೊದಲು ಔಟಾಗೋರು ಯಾರು? ಅವರನ್ನ ಇಲ್ಲಿ ಟ್ಯಾಗ್ ಮಾಡ್ಬೇಡಿ, ಫೋನ್ ಮಾಡಿ.

#ಭಾನುವಾರದಡೆಕ್ #ಕಮಾಂಡರ್ #ಕನ್ನಡದಲ್ಲಿಮ್ಯಾಜಿಕ್