ಐ7 ಐತ್ರಿ, ಲೈಟೂ ಹತ್ತತಾವ್ರಿ

ಕಂಪ್ಯೂಟರಿನ ಬಿಡಿಭಾಗಗಳ ಬಗ್ಗೆ ಸಾಹಿತ್ಯದ ಪತ್ರಿಕೆಯಲ್ಲಿ ಬರೆಯುವುದೇ ಎಂದು ಹುಬ್ಬೇರಿಸುವವರ ಜೊತೆ ನನ್ನದೊಂದು ಜಗಳ ಬಾಕಿಯಿದೆ. ಅದನ್ನು ಇವತ್ತು ಆಡಿಯೇ ಬಿಡುತ್ತೇನೆ.

ಗದಗ-ಬೆಟಗೇರಿಯ ಹುಡುಗರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬಸ್ಸು ಹತ್ತಿ ಕಾಲೇಜಿಗೆ ಬರುವವರು, ಕೆಲವು ವರ್ಷಗಳಿಂದ ನನ್ನ ಮುಂದೆ ಒಂದೇ ಪ್ರಶ್ನೆ ಇಡುತ್ತಿದ್ದಾರೆ: “ಸರ, 40 ಸಾವಿರದಾಗ ಗೇಮಿಂಗ್ ಪಿಸಿ ಆಗತೈತೇನ್ರಿ?” ಆ 40 ಸಾವಿರ ಎಲ್ಲಿಂದ ಬಂತೆಂದು ಕೇಳಿದರೆ ಪ್ರತಿ ಸಲವೂ ಒಂದು ಕತೆಯಿರುತ್ತದೆ. ಉಳ್ಳಾಗಡ್ಡಿಗೆ ಒಂದು ವರ್ಷ ಚಲೋ ರೇಟು ಸಿಕ್ಕಿತ್ತು. ಅವ್ವ ಸಂಘದಲ್ಲಿ ಸಾಲ ತೆಗೆದಳು. ಅಕ್ಕ ಟೇಲರಿಂಗ್ ಮಾಡಿ ಕೂಡಿಸಿಟ್ಟದ್ದು. ಹುಡುಗನ ಕಿಸೆಯಲ್ಲಿ ಅಷ್ಟರಲ್ಲಾಗಲೇ ಅಂಗಡಿಯವರು ಬರೆದುಕೊಟ್ಟ ಒಂದು ಚೀಟಿ ಇರುತ್ತದೆ: “ಐ7, 16 ಜಿಬಿ, 2 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ, ಆರ್‌ಜಿಬಿ ಕ್ಯಾಬಿನೆಟ್.” ಕೆಳಗೆ ಒಟ್ಟು ಮೊತ್ತ. ಅಷ್ಟೇ.

ಆ ಚೀಟಿಯ ಒಂದೊಂದು ಪದವೂ ನಿಜ, ಇಡೀ ಚೀಟಿ ಮಾತ್ರ ಸುಳ್ಳು. ಕಾವ್ಯಮೀಮಾಂಸೆ ಓದಿದವರಿಗೆ ಇಂಥ ಪಠ್ಯ ಹೊಸದೇನಲ್ಲ. ಹಾಗಾಗಿ ಇದನ್ನು ಓದಬೇಕಾದವರು ನೀವೇ.

“ಐ7” ಎಂಬುದನ್ನೇ ತೆಗೆದುಕೊಳ್ಳಿ. ಯಾವ ಐ7? ಇಂಟೆಲ್ ಕಂಪನಿ ಈ ಹೆಸರನ್ನು 2008ರಿಂದ ಬಳಸುತ್ತಿದೆ. ನನ್ನ ಕೈಗೆ ಬಂದ ಚೀಟಿಗಳ ಹಿಂದಿದ್ದದ್ದು ಹೆಚ್ಚಾಗಿ ಐ7-2600. ಅದು ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಅದರಲ್ಲಿ 4 ಕೋರ್, 8 ಥ್ರೆಡ್. 2022ರ ಐ3-12100ರಲ್ಲೂ ಅಷ್ಟೇ, 4 ಕೋರ್, 8 ಥ್ರೆಡ್. ಆದರೆ ನಡುವಿನ ಹನ್ನೊಂದು ವರ್ಷಗಳಲ್ಲಿ ಒಂದೊಂದು ಕೋರಿನ ಕಸುವು ಎಷ್ಟು ಬೆಳೆದಿದೆಯೆಂದರೆ ಈ ‘ಸಣ್ಣ’ ಐ3 ಆ ‘ದೊಡ್ಡ’ ಐ7 ಅನ್ನು ಬಹಳ ಹಿಂದೆ ಬಿಟ್ಟು ಓಡುತ್ತದೆ. ವಿಂಡೋಸ್ 11 ಆ ಹಳೆಯ ಐ7 ಅನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಬೋರ್ಡಿಗೆ ಹಾಕುವ ಡಿಡಿಆರ್3 ರ‍್ಯಾಮ್ ಇಂದಿನ ಪ್ರೊಸೆಸರುಗಳ ಬೋರ್ಡಿಗೆ ಕೂರುವುದಿಲ್ಲ. ಹುಡುಗ ಕೊಂಡದ್ದು ಕಂಪ್ಯೂಟರಲ್ಲ, ಒಂದು ಮುಚ್ಚಿದ ಓಣಿ.

“2 ಜಿಬಿ ಗ್ರಾಫಿಕ್ಸ್” ಎಂದರೆ ಬಹುತೇಕ ಜಿಟಿ 710. ಅದು 2014ರ ಸರಕು, ಪರದೆಗೆ ಚಿತ್ರ ಕಳಿಸಲೆಂದು ಮಾಡಿದ ಸಾದಾ ಕಾರ್ಡು. ಎಎಂಡಿಯ ರೈಜೆನ್ 5 5600ಜಿ ಎಂಬ ಪ್ರೊಸೆಸರಿನ ಒಳಗೇ ಇದಕ್ಕಿಂತ ಎಷ್ಟೋ ಬಲವಾದ ಗ್ರಾಫಿಕ್ಸ್ ಇದೆ. ಅಂದರೆ ಬೇರೆ ಕಾರ್ಡು ಇಲ್ಲದಿದ್ದರೆ ಸಿಗುತ್ತಿದ್ದ ವೇಗ, ಕಾರ್ಡಿಗೆ ದುಡ್ಡು ಕೊಟ್ಟದ್ದರಿಂದ ಸಿಗಲಿಲ್ಲ! ಇನ್ನೊಂದು ಕಡೆ, ಶಿರಹಟ್ಟಿಯ ಒಬ್ಬ ಹುಡುಗ ಯಾರದೋ ವಿಡಿಯೊ ನೋಡಿ ಐ3-12100ಎಫ್ ತರಿಸಿದ. ಚಲೋ ಪ್ರೊಸೆಸರೇ. ಆದರೆ ಹೆಸರಿನ ಕೊನೆಯ ಆ ‘ಎಫ್’ ಅಕ್ಷರದ ಅರ್ಥ, ಇದರೊಳಗೆ ಗ್ರಾಫಿಕ್ಸ್ ಇಲ್ಲ ಎಂದು. ಬೇರೆ ಕಾರ್ಡು ಕೊಳ್ಳಲು ದುಡ್ಡಿರಲಿಲ್ಲ. ಮೂರು ತಿಂಗಳು ಮಾನಿಟರು ಕಪ್ಪಗೇ ಕೂತಿತ್ತು. ಒಂದು ಅಕ್ಷರದ ಬೆಲೆ ಅದು. ಒಂದು ಅಕ್ಷರಕ್ಕಾಗಿ ಪಾಠಾಂತರದ ಜಗಳವಾಡುವ ನಮ್ಮ ವಿದ್ವಾಂಸರಿಗೆ ಇದು ಅರ್ಥವಾಗಬೇಕು.

ಚೀಟಿಯಲ್ಲಿ ಇಲ್ಲವೇ ಇಲ್ಲದ ವಸ್ತು ಒಂದಿದೆ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ: ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಹದಕ್ಕೆ ಇಳಿಸಿ ಕೊಡುವ ಪೆಟ್ಟಿಗೆ. ಅದು ‘ಕ್ಯಾಬಿನೆಟ್ ಜೋಡಿ ಫ್ರೀ’ ಬರುತ್ತದೆ. ಮುಂದುಗಡೆ ದೊಡ್ಡದಾಗಿ 450 ಎಂದು ಬರೆದಿರುತ್ತದೆ. ಪೆಟ್ಟಿಗೆಯನ್ನು ತಿರುಗಿಸಿ, ಪಕ್ಕದ ಸಣ್ಣ ಅಕ್ಷರದ ಪಟ್ಟಿ ಓದಿ. +12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದು ಇರುತ್ತದೆ. 16 ಎಂದಿದ್ದರೆ, 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಮುಖ್ಯವಾಗಿ ಉಣ್ಣುವುದು ಈ ಸಾಲಿನಿಂದಲೇ. ಮುಂದೆ ಹುಡುಗ ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580 ತಂದು ಸಿಕ್ಕಿಸುತ್ತಾನೆ. ಅದಕ್ಕೆ 185 ವ್ಯಾಟ್, ಪ್ರೊಸೆಸರಿಗೆ 65 ವ್ಯಾಟ್ ಎಂದಿಟ್ಟುಕೊಳ್ಳಿ. 250 ಆಯಿತು. 192ರ ಗಾಡಿಗೆ 250ರ ಹೇರು. ಆಟದ ನಡುವೆ ಯಂತ್ರ ಆರುತ್ತದೆ, ಹುಡುಗ ಗೇಮಿಗೆ ಬೈಯುತ್ತಾನೆ, ಅಪ್ಪ ಹುಡುಗನಿಗೆ ಬೈಯುತ್ತಾನೆ. ಒಂದು ದಿನ ಸುಟ್ಟ ವಾಸನೆ. ಕಳಪೆ ಎಸ್‌ಎಂಪಿಎಸ್ ಸಾಯುವಾಗ ಒಂಟಿಯಾಗಿ ಸಾಯುವುದು ಅಪರೂಪ, ಬೋರ್ಡನ್ನೋ ಡಿಸ್ಕನ್ನೋ ಜೊತೆಗೆ ಕರೆದುಕೊಂಡು ಹೋಗುತ್ತದೆ.

‘80 ಪ್ಲಸ್’ ಮುದ್ರೆ ಇದ್ದರೆ ಆಯಿತಲ್ಲ ಎನ್ನುವ ಜಾಣರಿದ್ದಾರೆ. ಆ ಮುದ್ರೆ ಹೇಳುವುದು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ಮಾತ್ರ. ಒಳಗೆ ರಕ್ಷಣೆಯ ಸರ್ಕಿಟ್ ಇದೆಯೇ, ವೋಲ್ಟೇಜ್ ಏರಿದರೆ ತಾನಾಗಿ ಆರುತ್ತದೆಯೇ ಎಂಬುದನ್ನಲ್ಲ. ಹಳ್ಳಿಯ ಕಡೆ ಸಂಜೆ ಬಲ್ಬು ಮಂಕಾಗಿ, ಪಂಪ್‌ಸೆಟ್ಟುಗಳು ನಿಂತ ಮೇಲೆ ಫಕ್ಕನೆ ಬೆಳಗುವುದನ್ನು ನೋಡಿದವರಿಗೆ ಈ ಪ್ರಶ್ನೆ ಯಾಕೆ ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಕ್ಯಾಬಿನೆಟ್ಟಿನ ಬಣ್ಣದ ದೀಪಗಳಿಗೆ ಕೊಟ್ಟ ದುಡ್ಡನ್ನು ಎಸ್‌ಎಂಪಿಎಸ್‌ಗೆ ಕೊಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. “ಲೈಟ್ ಹತ್ತಲಿಲ್ಲಂದ್ರ ಗೇಮಿಂಗ್ ಪಿಸಿ ಅಂತ ಯಾರಿಗೆ ಗೊತ್ತಾಗಬೇಕ್ರಿ?” ಎಂದು ಒಬ್ಬ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಅದು ಬೇರೆ ಮಾತು. ಮುಂದೆ ಗಾಜು ಹೊಡೆಸಿದ ಆ ಕ್ಯಾಬಿನೆಟ್ಟುಗಳು ಗದಗಿನ ಏಪ್ರಿಲ್ ಬಿಸಿಲಿಗೆ ಒಲೆಗಳಾಗುತ್ತವೆ. ನಮ್ಮ ಗಾಳಿ ಎಂಥದ್ದೆಂದು ಗುಡ್ಡಗಳ ಮೇಲೆ ಸಾಲು ನಿಂತ ಗಾಳಿಯಂತ್ರಗಳೇ ಹೇಳುತ್ತವೆ. ಅದು ಹೊತ್ತು ತರುವ ದೂಳನ್ನು ತಡೆಯಲು ಮುಂದೆ ಜಾಲರಿ, ಬಿಚ್ಚಿ ತೊಳೆಯುವಂಥ ಫಿಲ್ಟರು ಇದ್ದರೆ ಸಾಕು.

ಅಂಗಡಿಯವನನ್ನು ಬೈದು ಮುಗಿಸುವುದು ಸುಲಭ. ನಾನದನ್ನು ಮಾಡುವುದಿಲ್ಲ. ಅವನ ಲಾಭ ಸಣ್ಣದು, ಶೇ. 18ರ ಜಿಎಸ್‌ಟಿ ಬೇರೆ, ಕೆಟ್ಟರೆ ಹುಬ್ಬಳ್ಳಿಗೆ ಹೊತ್ತುಕೊಂಡು ಓಡಬೇಕಾದವನೂ ಅವನೇ. ಗಿರಾಕಿ ‘ಐ7’ ಕೇಳುತ್ತಾನೆ, ಅವನು ‘ಐ7’ ಕೊಡುತ್ತಾನೆ. ಗಿರಾಕಿಗೆ ಆ ಒಂದೇ ಪದ ಗೊತ್ತಿರುವುದು ಯಾರ ತಪ್ಪು? ಇಲ್ಲಿ ನನ್ನ ಜಗಳ ನಿಮ್ಮ ಕಡೆ ತಿರುಗುತ್ತದೆ.

‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಪ್ರತಿ ರಾಜ್ಯೋತ್ಸವದಲ್ಲಿ ಈ ಮಾತನ್ನು ನಾವು ಹಾರದಂತೆ ಹಾಕಿಕೊಂಡು ಮೆರೆಯುತ್ತೇವೆ. ಅದೇ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗನಿಗೆ, ತನ್ನ ಮನೆಯ ಒಂದು ವರ್ಷದ ಉಳಿತಾಯವನ್ನು ಎಲ್ಲಿ ಸುರಿಯಬೇಕೆಂದು ಒಂದು ಪುಟ ಕನ್ನಡದಲ್ಲಿ ಓದಬೇಕೆಂದರೆ ಏನು ಸಿಗುತ್ತದೆ? ಹಿಂದಿ, ಇಂಗ್ಲಿಷಿನ ವಿಡಿಯೊಗಳು. ಕನ್ನಡದ ವಿಡಿಯೊಗಳೂ ಇವೆ, ಹೆಚ್ಚಿನವು ಡಬ್ಬಿ ಬಿಚ್ಚಿ ಬೆರಗಾಗುವಂಥವು. ಡಬ್ಬಿಯ ಪಕ್ಕದ ಸಣ್ಣ ಅಕ್ಷರ ಓದಿ ಹೇಳುವ ಗದ್ಯ ಕಣ್ಣಿಗೆ ಬೀಳುವುದು ಅಪರೂಪ. ಬಿತ್ತನೆಯ ಬಗ್ಗೆ, ಎತ್ತಿನ ಸುಳಿಯ ಬಗ್ಗೆ, ಮಳೆ ನಕ್ಷತ್ರದ ಬಗ್ಗೆ ಕನ್ನಡ ಎಷ್ಟು ಕರಾರುವಾಕ್ಕಾಗಿ ಮಾತಾಡುತ್ತದೆ! ಎತ್ತು ಕೊಳ್ಳಲು ಹೋದ ರೈತನಿಗೆ ಹಲ್ಲು ಎಣಿಸುವುದು ಗೊತ್ತಿತ್ತು. ಅದು ಭಾಷೆಯಲ್ಲೇ ಇದ್ದ ತಿಳಿವಳಿಕೆ. ಅವನ ಮೊಮ್ಮಗನಿಗೆ ಪ್ರೊಸೆಸರಿನ ಹಲ್ಲು ಎಣಿಸುವ ಮಾತು ಇಲ್ಲ, ಯಾಕೆಂದರೆ ಅದು ‘ಸಾಹಿತ್ಯವಲ್ಲ’ ಎಂದು ನಾವು ಸುಮ್ಮನಿದ್ದೇವೆ.

ಇನ್ನು “ಗೇಮ್ ಆಡಿ ಹಾಳಾಗೋದಕ್ಕ ಇಷ್ಟೆಲ್ಲ ಯಾಕ?” ಎನ್ನುವವರು. ಇವರಿಗೆ ಹೆದರಿ ಹುಡುಗರು ಸುಳ್ಳು ಹೇಳಲು ಕಲಿತಿದ್ದಾರೆ: ಕೋಡಿಂಗ್ ಕಲಿಯಲಿಕ್ಕೆ, ವಿಡಿಯೊ ಎಡಿಟಿಂಗ್‌ಗೆ. ಆ ಯಂತ್ರದಲ್ಲಿ ಅದನ್ನೂ ಮಾಡಬಹುದು, ನಿಜ. ಆದರೆ ಆ ವಕಾಲತ್ತು ನಾನು ಮಾಡುವುದಿಲ್ಲ. ಆಟಕ್ಕೆ ಆಟವೇ ಸಾಕಾದ ಕಾರಣ. ವೀರೇಶ್ವರ ಪುಣ್ಯಾಶ್ರಮದಂಥ ಸಂಸ್ಥೆಯೇ ನಾಟಕ ಕಂಪನಿ ನಡೆಸಿದ ಊರು ಇದು. ನಮ್ಮ ಅಜ್ಜಂದಿರು ದೊಡ್ಡಾಟಕ್ಕೆ ರಾತ್ರಿಯಿಡೀ ಕೂತು ಬೆಳಿಗ್ಗೆ ತೂಕಡಿಸುತ್ತ ಹೊಲಕ್ಕೆ ಹೋದರು. ಇದರಿಂದ ನೌಕರಿ ಸಿಗುತ್ತದೆಯೇ ಎಂದು ಅವರನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನ ಶ್ರೀಮಂತರ ಮನೆಯ ಹುಡುಗ ಆಡಿದರೆ ಅದು ಹವ್ಯಾಸ, ಬೆಟಗೇರಿಯ ನೇಕಾರರ ಮನೆಯ ಹುಡುಗ ಆಡಿದರೆ ಚಟ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ 40 ಸಾವಿರಕ್ಕೆ ಏನು? ನನ್ನ ಮಾತು ಇಷ್ಟೇ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರಿನಿಂದ ಶುರು ಮಾಡಿ, 5600ಜಿ ಅಂಥದ್ದು. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8ರ ಎರಡು. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಅದು ರ‍್ಯಾಮಿನಿಂದಲೇ ಎರವಲು ಪಡೆಯುತ್ತದೆ. ಎರಡು ಕಡ್ಡಿಗಳಿದ್ದರೆ ಎರಡು ಬಾಗಿಲಿನಿಂದ ಓಡಾಡಿದಂತೆ. (2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮಿನ ದರ ಜಿಗಿಯಿತು. ಮೊದಲು 8ರ ಒಂದೇ ಕಡ್ಡಿ ಹಾಕಿ, ಆಮೇಲೆ ಅಂಥದ್ದೇ ಇನ್ನೊಂದು ತಂದರೂ ತಪ್ಪಿಲ್ಲ.) ಎಸ್‌ಎಂಪಿಎಸ್ ಮಾತ್ರ ಮುಂದೆ ಬರುವ ಕಾರ್ಡನ್ನು ಲೆಕ್ಕ ಹಾಕಿಯೇ ತನ್ನಿ. ಗ್ರಾಫಿಕ್ಸ್ ಕಾರ್ಡು ಮುಂದಿನ ಸುಗ್ಗಿಗೆ ಇರಲಿ. ಹಳೆಯ ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುವ ಮೊದಲು ಎರಡು ವಿಷಯ: ಅದೇ ಹೆಸರಿನಲ್ಲಿ ‘2048ಎಸ್‌ಪಿ’ ಎಂಬ ಕಡಿಮೆ ಕಸುವಿನ ತಮ್ಮನೂ ಓಡಾಡುತ್ತಿದ್ದಾನೆ. ನಿಜವಾದದ್ದರಲ್ಲಿ 2304 ಇರಬೇಕು. ಮತ್ತೆ, 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು-ರಾತ್ರಿ ದುಡಿದು ಸೋತ ಕಾರ್ಡುಗಳು ರಾಶಿಗಟ್ಟಲೆ ಮಾರುಕಟ್ಟೆಗೆ ಬಂದವು. ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬೇಡಿ.

ಬಿಲ್ಲಿನಲ್ಲಿ ಪ್ರತಿ ಭಾಗದ ಪೂರ್ತಿ ಹೆಸರು ಬರೆಸಿ. ಕಂಪನಿ, ಮಾಡೆಲ್ ಸಂಖ್ಯೆ, ಕೊನೆಯ ಅಕ್ಷರದವರೆಗೆ. ವಚನಕ್ಕೆ ಅಂಕಿತವಿದ್ದಂತೆ ಅದು. ಅಂಕಿತವಿಲ್ಲದ ವಚನವನ್ನು ಯಾರದೆಂದು ಹೇಗೆ ಹೇಳುತ್ತೀರಿ? ಬರೆಯಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಒಬ್ಬನೇ ಎದ್ದರೆ ಅವನಿಗೇನೂ ಅನಿಸುವುದಿಲ್ಲ, ನಾಲ್ವರು ಕೂಡಿ ಕೊಳ್ಳಲು ಹೋಗಿ ನಾಲ್ವರೂ ಎದ್ದರೆ ಅನಿಸುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇರುವುದು ಗದಗಿನ ಪಕ್ಕದಲ್ಲೇ. ಆ ಊರಿನ ಹೆಸರನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುವ ಹುಡುಗರೇ ಒಂಟೊಂಟಿಯಾಗಿ ಹೋಗಿ ಮೋಸ ಹೋಗುತ್ತಾರೆ.

ಹೋದ ತಿಂಗಳು ಮುಂಡರಗಿ ಕಡೆಯ ನಾಲ್ವರು ಹೀಗೇ ಕೂಡಿ ಹೋಗಿ ಬಂದರು. ಬಿಲ್ಲಿನ ಫೋಟೊ ಕಳಿಸಿದ್ದಾರೆ, ಪ್ರತಿ ಸಾಲಿನಲ್ಲೂ ಪೂರ್ತಿ ಹೆಸರಿದೆ. ಕ್ಯಾಬಿನೆಟ್ಟಿನಲ್ಲಿ ದೀಪವಿಲ್ಲ ಎಂದು ಒಬ್ಬನಿಗೆ ಇನ್ನೂ ಬೇಜಾರು. ಇನ್ನೊಬ್ಬ ಈಗ ಯುಪಿಎಸ್ ಕೇಳುತ್ತಿದ್ದಾನೆ, 600 ವಿಎ ಸಾಕೇನ್ರಿ ಎಂದು. ಅದರ ಮೇಲೆ ವ್ಯಾಟ್ ಎಷ್ಟು ಬರೆದಿದೆ ನೋಡು ಎಂದೆ, 360 ಎಂದ. ಸದ್ಯಕ್ಕೆ ಸಾಕು, ಆದರೆ ಮೊದಲು ಮನೆಯ ಅರ್ತಿಂಗ್ ಸರಿಯಿದೆಯೇ ನೋಡಿಸು ಎಂದಿದ್ದೇನೆ. ಎಲೆಕ್ಟ್ರಿಷಿಯನ್ ಬುಧವಾರ ಬರುತ್ತಾನಂತೆ.