ದನಿಯ ಭಾಷೆಯಲ್ಲೇ ಅಡಿಬರಹ ಇರಲಿ



ಕಳ್ಳಕವಟಗಿಯಂಥ ಗಡಿಭಾಗದ ಊರುಗಳಲ್ಲಿ ಮಕ್ಕಳ ಕಿವಿಗೆ ಕನ್ನಡದ ಜೊತೆಗೆ ಮರಾಠಿ, ಹಿಂದಿಯೂ ಬೀಳುತ್ತವೆ. ಇಂಗ್ಲಿಷ್ ಮಾತ್ರ ಪಠ್ಯಪುಸ್ತಕದಲ್ಲೇ ಉಳಿಯುತ್ತದೆ. ಈ ಕೊರತೆಯನ್ನು ಅಡಿಬರಹವಿರುವ ವಿಡಿಯೊಗಳು ತಕ್ಕಮಟ್ಟಿಗೆ ತುಂಬಬಲ್ಲವು. ಆದರೆ ಅಡಿಬರಹ ಯಾವ ಭಾಷೆಯದು ಎಂಬುದು ಮುಖ್ಯ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾ ಧಾಟಿಯ ಇಂಗ್ಲಿಷ್ ಕೇಳಿದ ಡಚ್ ಭಾಷಿಕರಿಗೆ ಆ ಉಚ್ಚಾರಣೆ ಹಿಡಿಯಲು ಇಂಗ್ಲಿಷ್ ಅಡಿಬರಹ ನೆರವಾಯಿತು. ಡಚ್ ಅಡಿಬರಹ ಹೊಸ ಮಾತುಗಳನ್ನು ಗುರುತಿಸಲು ತೊಡಕೇ ಆಯಿತು. ದನಿಯೂ ಅಕ್ಷರವೂ ಒಂದೇ ಆದಾಗ ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಜಾಗ ತಿಳಿಯುತ್ತದೆ. ಅನುವಾದ ಸಿಕ್ಕರೆ ಕಣ್ಣು ಅರ್ಥ ಹಿಡಿದು, ಕಿವಿ ಸೋಮಾರಿಯಾಗುತ್ತದೆ. ನಮ್ಮ ದೇಶದಲ್ಲೂ ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿ ದೂರದರ್ಶನದ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಡಿಬರಹ ಹಾಕಿಸಿ, ಅರೆಬರೆ ಓದು ಬಲ್ಲವರ ಓದನ್ನು ಬಲಪಡಿಸಲು ಯತ್ನಿಸಿದರು.

ಹೊಸಬರಿಗೆ ಇಂಗ್ಲಿಷ್ ಅಡಿಬರಹ ಅರ್ಥವಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಅಂಥವರು ಮೊದಲು ಕನ್ನಡ ಅಡಿಬರಹದೊಂದಿಗೆ, ಬಳಿಕ ಇಂಗ್ಲಿಷ್‌ನೊಂದಿಗೆ, ಕೊನೆಗೆ ಯಾವುದೂ ಇಲ್ಲದೆ ಅದೇ ತುಣುಕನ್ನು ನೋಡಬಹುದು. ಓದುತ್ತ ಕೂತರೆ ಕೇಳುವುದೇ ತಪ್ಪುತ್ತದೆ ಎನ್ನುವವರಿಗೆ ಆ ಕೊನೆಯ ಸುತ್ತೇ ಉತ್ತರ. ಯಂತ್ರ ತಾನಾಗಿ ಬರೆಯುವ ಅಡಿಬರಹದಲ್ಲಿ ತಪ್ಪುಗಳಿರುತ್ತವೆ, ನಿಜ. ಆದ್ದರಿಂದಲೇ ಶಿಕ್ಷಕರು ತಿದ್ದಿದ ಪಾಠಗಳು ಬೇಕು. 2021ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಬಿತ್ತರಿಸಿದ ಶಿಕ್ಷಣ ಇಲಾಖೆಗೆ ಇದು ಹೊರೆಯಾಗದು. ಮುಂದೆ ಸಿದ್ಧಪಡಿಸುವ ಇಂಗ್ಲಿಷ್ ಪಾಠಗಳಿಗೆ ಎರಡೂ ಭಾಷೆಗಳ ಅಡಿಬರಹ ಒದಗಿಸಿ, ಬೇಕಾದ್ದನ್ನು ಆರಿಸಿಕೊಳ್ಳಲು ಇಲಾಖೆ ಅವಕಾಶ ಕೊಡಲಿ.

– ಓರ್ವ ಓದುಗ, ಕಳ್ಳಕವಟಗಿ, ವಿಜಯಪುರ ಜಿಲ್ಲೆ